ಎರಡನೇ ಗೇರಿನಲ್ಲಿ ನಿಂತ ಗಾಡಿ

ನನ್ನ ಗಾಡಿ ನೋಡಿ ಬುದ್ಧಿ ಹೇಳದೆ ಮುಂದೆ ಹೋದವರನ್ನು ನಾನು ಈ ಊರಲ್ಲಿ ಇನ್ನೂ ಕಂಡಿಲ್ಲ. ಅದು ಮೂರು ಚಕ್ರದ ಮೋಟಾರ್ ಸೈಕಲ್ಲು: ಮುಂದೆ ಒಂದು ಚಕ್ರ, ಹಿಂದೆ ಎರಡು. ಸಣ್ಣವಳಿದ್ದಾಗ ಪೋಲಿಯೊ ಬಂದು ನನ್ನ ಎಡಗಾಲು ಹೆಸರಿಗಷ್ಟೇ ಕಾಲಾಗಿ ಉಳಿದಿದೆ. ಆ ಕಾಲು ಮಾಡಬೇಕಿದ್ದ ಗೇರಿನ ಕೆಲಸವನ್ನು ಹ್ಯಾಂಡಲ್ಲಿನ ಎರಡು ಗುಂಡಿಗಳು ಮಾಡುವ ಹಾಗೆ ಒಬ್ಬ ಪುಣ್ಯಾತ್ಮ ಬದಲಾಯಿಸಿ ಕೊಟ್ಟಿದ್ದ. ಹೆಬ್ಬೆರಳಲ್ಲಿ ಒತ್ತಿದರೆ ಒಂದು ಪುಟ್ಟ ಮೋಟಾರು ಗೇರು ಬದಲಿಸುತ್ತದೆ. ಈಗ ಯಾವ ಗೇರಿದೆ ಎಂದು ಅದಕ್ಕೆ ತಿಳಿಸುವುದು ಇಂಜಿನ್ನಿನ ಪಕ್ಕ ಕೂತಿರುವ ಬೆರಳುಗಾತ್ರದ ಸೆನ್ಸಾರು. ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಪಕ್ಕದ ಸ್ಕೂಟರಿನವನು "ಮೇಡಂ, ಇದು ಬಿದ್ದೋಗಲ್ವಾ?" ಎಂದು ಕೇಳುತ್ತಾನೆ. ಎರಡು ಚಕ್ರದ ಮೇಲೆ ಓಲಾಡುತ್ತಾ, ಒಂದು ಕಾಲು ನೆಲಕ್ಕೆ ಊರಿಕೊಂಡು ಕೇಳುತ್ತಾನೆ.

ನಾನು ಟೈಲರ್. ಯಶವಂತಪುರದ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇದೆ. ಮನೆ ಅಟ್ಟೂರಿನಲ್ಲಿ, ಮೇಲೆ ಅಣ್ಣನ ಸಂಸಾರ, ಕೆಳಗೆ ನಾನು. ಗಾಡಿ ಬರುವ ಮುಂಚೆ ಅಣ್ಣನ ಕಾರೇ ಗತಿ. ಬೆಳಿಗ್ಗೆ ಅವನ ಮುಖ ನೋಡಿ, ಅತ್ತಿಗೆಯ ಮುಖ ನೋಡಿ, "ಅಣ್ಣ, ಅಂಗಡಿಗೆ ಬಿಡ್ತೀಯಾ?" ಎನ್ನಬೇಕಿತ್ತು. ಅವನು ಇಲ್ಲ ಅಂದದ್ದು ಕಡಿಮೆ. ಆದರೆ ಹೂಂ ಅನ್ನುವ ಮುಂಚೆ ಒಮ್ಮೆ ಗಡಿಯಾರ ನೋಡುತ್ತಿದ್ದ. ಆ ನೋಟಕ್ಕೆ ನಾಚಿ ನಾನು ಎಷ್ಟೋ ಮದುವೆಗಳಿಗೆ ಹೋಗಲಿಲ್ಲ, ಹಲ್ಲುನೋವು ಬಂದರೂ ಬಾಯಿಬಿಡಲಿಲ್ಲ. ಗಾಡಿ ಬಂದ ಮೇಲೆ ಯಾರನ್ನೂ ಏನನ್ನೂ ಕೇಳಿಲ್ಲ. ನನಗೆ ಜೀವನದಲ್ಲಿ ಸಿಕ್ಕ ದೊಡ್ಡ ಸುಖ ಅಂದರೆ ಅದೇ.

ಅಂಥ ಗಾಡಿ ಕಳೆದ ಆಯುಧಪೂಜೆ ಮುಗಿದ ಬೆನ್ನಿಗೇ ಕೆಟ್ಟಿತು. ಒಂದನೇ ಗೇರು ಸರಿಯಾಗಿತ್ತು. ಎರಡಕ್ಕೆ ಹಾಕಿದ ಕೂಡಲೇ ಮೀಟರಿನ ಅಂಕಿ ಅಳಿಸಿಹೋಗಿ ಅಲ್ಲೊಂದು ಅಡ್ಡಗೆರೆ ಬರುತ್ತಿತ್ತು. ಆಮೇಲೆ ಗುಂಡಿಯನ್ನು ಎಷ್ಟು ಒತ್ತಿದರೂ ಮೂರಕ್ಕೆ ಹೋಗುತ್ತಿರಲಿಲ್ಲ. ಹೆಬ್ಬಾಳದ ಫ್ಲೈಓವರಿನ ಮೇಲೆ ನಾನು ಎರಡನೇ ಗೇರಿನಲ್ಲಿ ಇಂಜಿನ್ ಅರಚಿಸಿಕೊಂಡು ಹೋಗುತ್ತಿದ್ದರೆ ಹಿಂದಿನವರು ಹಾರನ್ ಹೊಡೆದದ್ದೇ ಹೊಡೆದದ್ದು. ಹಾರನ್ನಿಗೆ ಗೇರು ಬೀಳುವುದಾಗಿದ್ದರೆ ನಾನು ಅವತ್ತು ವಿಮಾನಕ್ಕಿಂತ ಮುಂಚೆ ಊರು ಸೇರುತ್ತಿದ್ದೆ.

ಗಾಡಿ ಮಾಡಿಕೊಟ್ಟವನು ಅಂಗಡಿ ಮುಚ್ಚಿ ತನ್ನೂರಿಗೆ ಹೋಗಿಬಿಟ್ಟಿದ್ದ. ಹಾಗಾಗಿ ಯಲಹಂಕದ ಒಬ್ಬ ಮೆಕ್ಯಾನಿಕ್ಕಿನ ಹತ್ತಿರ ಹೋದೆ. ದಾರಿಯಲ್ಲಿ ಗಾಡಿ ನಿಂತರೆ ಎಂದು ಅಣ್ಣ ಕಾರಿನಲ್ಲಿ ಹಿಂದೆ ಬಂದ. ಅಲ್ಲಿಗೆ ನನ್ನ ಕಥೆ ಮುಗಿಯಿತು. ಗಂಡಸೊಬ್ಬ ಕಣ್ಣಿಗೆ ಬಿದ್ದ ಮೇಲೆ ಮೆಕ್ಯಾನಿಕ್ಕಿಗೆ ಗಾಡಿಯ ಮೇಲೆ ಕೂತವಳು ಕಾಣುವುದಿಲ್ಲ.

"ಹಬ್ಬಕ್ಕೆ ವಾಟರ್ ವಾಷ್ ಮಾಡ್ಸಿದ್ರಾ ಸಾರ್?" ಎಂದು ಅಣ್ಣನನ್ನು ಕೇಳಿದ.

"ಹೂಂ, ನಾನೇ ಮಾಡ್ಸಿದ್ದು. ತೊಳ್ಸಿ, ಪೂಜೆ ಮಾಡ್ಸಿ ತಂದೆ."

"ನೀರ್ ಹೋಗಿದೆ ಸಾರ್. ಸೆನ್ಸಾರ್ ಔಟು."

ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ, ತೆರೆಯ ಮೇಲೆ ಬಂದ ಕೆಂಪಕ್ಷರ ಓದಿ, ಅದನ್ನೇ ತನ್ನ ಪಾಂಡಿತ್ಯ ಎಂಬಂತೆ ನಮಗೆ ಒಪ್ಪಿಸಿದ. ಎರಡನೇ ಗೇರಿನಲ್ಲೇ ಯಾಕೆ ಹೀಗಾಗುತ್ತದೆ ಎಂದು ನಾನು ಕೇಳಿದೆ. ಅವನು ಉತ್ತರವನ್ನು ಅಣ್ಣನಿಗೆ ಕೊಟ್ಟ: "ಸೆನ್ಸಾರ್ ಹಂಗೇ ಸಾರ್, ಒಂದೊಂದ್ಸಲ." ಹೊಸ ಸೆನ್ಸಾರು ಹಾಕಿದ. ಅವನ ಅಂಗಡಿಯ ಬೀದಿ ದಾಟುವಷ್ಟರಲ್ಲಿ ಮೀಟರಿನಲ್ಲಿ ಅದೇ ಅಡ್ಡಗೆರೆ ಕಂಡಿತು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ಅವನು ಆಮೇಲೆ ಹೊಸ ಸೆನ್ಸಾರಿನ ಕಂಪನಿಯನ್ನೇ ಬೈದ.

ಎರಡನೆಯವನು ಆರ್.ಟಿ. ನಗರದವನು. ತನ್ನ ಜೊತೆಗಾರನ ಹತ್ತಿರ ದಖನಿ ಉರ್ದುವಿನಲ್ಲಿ ಮಾತಾಡುತ್ತಾ, ನಮ್ಮ ಹತ್ತಿರ ಕನ್ನಡದಲ್ಲಿ ಮಾತಾಡುತ್ತಾ ಗಾಡಿಯನ್ನು ಒಂದು ಸುತ್ತು ಬಂದ. ಇವನಿಗಾದರೂ ಒಂದು ಒಳ್ಳೆಯ ಪ್ರಶ್ನೆ ಹೊಳೆಯಿತು. ಆದರೆ ಅದನ್ನೂ ಅಣ್ಣನಿಗೇ ಕೇಳಿದ.

"ಎಕ್ಸ್‌ಟ್ರಾ ಏನಾದ್ರೂ ಫಿಟ್ ಮಾಡ್ಸಿದೀರಾ ಭಾಯ್? ಲೈಟು, ಅಲಾರಮ್ಮು?"

"ಏನೂ ಇಲ್ಲ" ಎಂದ ಅಣ್ಣ.

ಅಲ್ಲಿಗೆ ಅವನ ವಿಚಾರಣೆಯೂ ಮುಗಿಯಿತು. ವೈರು ಬದಲಾಯಿಸಿದ, ಇನ್ನೊಂದು ಸೆನ್ಸಾರು ಹಾಕಿದ, ಗಾಡಿ ಎರಡರಲ್ಲೇ ನಿಂತಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಪೈಕಿ ಇವರೆಲ್ಲ. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವವಳನ್ನು ನಾನು ಅಂಗಡಿಯಲ್ಲಿ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ.

ಅಣ್ಣನಿಗೆ ಮಾತ್ರ ಎಲ್ಲವೂ ಸಲೀಸಾಗಿತ್ತು. ತಣಿಸಂದ್ರದಲ್ಲಿ ಅವನ ಪರಿಚಯದವರೊಬ್ಬರು ಗಾಡಿ ಕೊಳ್ಳುತ್ತಾರಂತೆ. ಅಪಾರ್ಟ್‌ಮೆಂಟುಗಳ ಮುಂದೆ ಎಳನೀರು ಮಾರಲು ಹಿಂದುಗಡೆ ಡಬ್ಬ ಕೂರಿಸುತ್ತಾರಂತೆ. ಭಾನುವಾರ ಬಂದು ನೋಡುತ್ತಾರೆ ಎಂದ.

"ನಾನು ಮಾರ್ತೀನಿ ಅಂದ್ನಾ?" ಎಂದೆ.

"ಓಡ್ದೇ ಇರೋ ಗಾಡಿ ಇಟ್ಕೊಂಡ್ ಏನ್ ಮಾಡ್ತೀಯ? ನಾನಿಲ್ವಾ, ದಿನಾ ನಾನೇ ಬಿಡ್ತೀನಿ ಬಿಡು."

ದಿನಾ. ಇನ್ನು ಸಾಯುವ ತನಕ ಒಬ್ಬರ ಮುಖ ನೋಡಿಕೊಂಡು ಬೆಳಗು ಶುರುಮಾಡಬೇಕು. ಹಾಗೆ ಬದುಕುವುದಕ್ಕಿಂತ ಎರಡನೇ ಗೇರಿನಲ್ಲೇ ಯಶವಂತಪುರಕ್ಕೆ ತೆವಳುವುದು ವಾಸಿ ಅನ್ನಿಸಿತು. ಆದರೆ ಇಂಜಿನ್ ಕಾದು ಅದೂ ಎಷ್ಟು ದಿನ ತಾಳುತ್ತದೆ ಎಂಬುದು ಗೊತ್ತಿತ್ತು.

ಶನಿವಾರ ಮಧ್ಯಾಹ್ನ ಅಂಗಡಿ ಬೇಗ ಮುಚ್ಚಿ ಬಂದು, ಗಾಡಿಯ ಪಕ್ಕ ಮಣೆ ಹಾಕಿಕೊಂಡು ಕೂತೆ. ಹಳೆಯ ಸೆನ್ಸಾರು, ಹೊಸದು, ಇನ್ನೂ ಹೊಸದು: ಮೂರೂ ಒಂದೇ ಜಾಗದಲ್ಲಿ ಒಂದೇ ಸುಳ್ಳು ಹೇಳಿದ್ದವು. ಬೇರೆ ಬೇರೆ ಮನೆಯಿಂದ ಬಂದ ಮೂರು ಜನ ಒಂದೇ ಸುಳ್ಳು ಹೇಳಿದರೆ, ಅವರಿಗೆ ಹೇಳಿಕೊಟ್ಟವರು ಯಾರೋ ಇದ್ದಾರೆ ಎಂದೇ ಅರ್ಥ. ಗಾಡಿ ಮಾಡಿಕೊಟ್ಟವನು ಅಂದು ವಿವರಿಸಿದ್ದು ನೆನಪಾಯಿತು. ಒಳಗೆ ಗೇರಿನ ಜೊತೆ ಒಂದು ಚೂರು ಅಯಸ್ಕಾಂತ ತಿರುಗುತ್ತದೆ, ಅದು ಎಲ್ಲಿದೆ ಎಂದು ನೋಡಿಕೊಂಡೇ ಸೆನ್ಸಾರು ಗೇರಿನ ಅಂಕಿ ಹೇಳುತ್ತದೆ ಎಂದಿದ್ದ. ವೈರನ್ನು ಅಲುಗಾಡಿಸಿ ನೋಡಿದೆ, ಏನೂ ಬದಲಾಗಲಿಲ್ಲ. ಕನೆಕ್ಟರು ಒಣಗಿತ್ತು, ನೀರಿನ ಮಾತು ಅಲ್ಲಿಗೆ ಸುಳ್ಳಾಯಿತು.

ಇನ್ನೂ ಒಳಗೆ ನೋಡಲೆಂದು ಬಗ್ಗಿದೆ. ಕೆಲಸ ಮಾಡುವಾಗ ನನ್ನ ಎದೆಯ ಸೆರಗಿನಲ್ಲಿ ಗುಂಡುಪಿನ್ನುಗಳು ಸಾಲಾಗಿ ಚುಚ್ಚಿಕೊಂಡೇ ಇರುತ್ತವೆ. ಅದರಲ್ಲೊಂದು ಜಾರಿತು. ನೆಲಕ್ಕೆ ಬೀಳಬೇಕಿದ್ದ ಪಿನ್ನು ಇಂಜಿನ್ನಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳಕ್ಕೆ ಹೋಗಿ ಅಂಟಿಕೊಂಡಿತು. ಪ್ಲಾಸ್ಟಿಕ್ಕಿಗೆ ಪಿನ್ನು ಅಂಟುವುದುಂಟೇ? ಉದುರಿದ ಪಿನ್ನುಗಳನ್ನು ಅಯಸ್ಕಾಂತದಿಂದ ಎತ್ತುವುದು ನನ್ನ ದಿನದ ಕೆಲಸ. ಮುಚ್ಚಳದ ಹಿಂದೆ ಏನಿದೆ ಎಂದು ಆ ಕ್ಷಣಕ್ಕೇ ಗೊತ್ತಾಯಿತು.

ಸೆನ್ಸಾರನ್ನು ಕೆಳಗಿನಿಂದಲೇ ಬದಲಾಯಿಸಿದ ಮೆಕ್ಯಾನಿಕ್ಕುಗಳು ಈ ಮುಚ್ಚಳವನ್ನು ಮುಟ್ಟಿರಲಿಲ್ಲ. ಸ್ಕ್ರೂ ಬಿಚ್ಚಿದೆ. ಸೆನ್ಸಾರಿಗೆ ತಾಗಿಕೊಂಡ ಕಬ್ಬಿಣದ ಪಟ್ಟಿಯ ಮೇಲೆ, ಕಾರಿನೊಳಗೆ ಇಡುತ್ತಾರಲ್ಲ ಅಂಥ, ಬುಡಕ್ಕೆ ದಪ್ಪ ಅಯಸ್ಕಾಂತವಿರುವ ಆಂಜನೇಯ ಗದೆ ಹಿಡಿದು ನಿಂತಿದ್ದ. ಹಣೆಗೆ ಕುಂಕುಮ ಇತ್ತು. ಎರಡನೇ ಗೇರಿಗೆ ಬಂದಾಗ ಒಳಗಿನ ಚೂರು ಇವನ ಬುಡದ ಹತ್ತಿರಕ್ಕೇ ಬಂದು, ಸೆನ್ಸಾರಿಗೆ ಯಾವ ಅಯಸ್ಕಾಂತ ಯಾವುದೆಂದು ತಿಳಿಯದಂತಾಗುತ್ತಿತ್ತು. ಕೀಳಲು ಎರಡು ಕೈ ಬೇಕಾಯಿತು. ಕಿತ್ತ ಮೇಲೆ ಜಾಕ್ ಕೊಟ್ಟು ಹಿಂದಿನ ಚಕ್ರಗಳನ್ನು ಎತ್ತಿ ನಿಲ್ಲಿಸಿ, ಗಾಡಿ ಶುರುಮಾಡಿ ಗುಂಡಿ ಒತ್ತಿದೆ. ಎರಡು, ಮೂರು, ನಾಲ್ಕು, ಅಂಕಿಗಳು ಒಂದಾದ ಮೇಲೊಂದು ಬಂದವು.

ಭಾನುವಾರ ಬೆಳಿಗ್ಗೆ ಅಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಕೆಳಗಿಳಿದ. ತಣಿಸಂದ್ರದವರು ಹೊರಟಿದ್ದಾರೆ ಎಂದ. ನಾನು ಆಂಜನೇಯನನ್ನು ಗಾಡಿಯ ಸೀಟಿನ ಮೇಲೆ ಇಟ್ಟೆ. ಅಣ್ಣನ ಮುಖ ಬಿಳಚಿಕೊಂಡಿತು.

"ಹಬ್ಬದ ದಿನ ಇಡ್ಸಿದ್ದು. ಕೋಗಿಲಿನ ಗುಡೀಲಿ ಪೂಜೆ ಮಾಡಿಸ್ದೆ. ಜನ ಎಲ್ಲ ನೋಡ್ತಾರೆ, ದೃಷ್ಟಿ ತಾಗ್ಬಾರ್ದು ಅಂತ."

"ಫಿಟ್ ಮಾಡ್ಸಿದೀರಾ ಅಂತ ಆ ಮೆಕ್ಯಾನಿಕ್ ಕೇಳ್ದಾಗ ಇಲ್ಲ ಅಂದ್ಯಲ್ಲ?"

"ಅವ್ನು ಲೈಟು ಗೀಟು ಕೇಳಿದ್ದು ಕಣೇ. ದೇವ್ರನ್ನ ಯಾರಾದ್ರೂ ಫಿಟ್ಟಿಂಗ್ ಅಂತಾರಾ?"

ನಗು ಬರಬೇಕಿತ್ತು, ಬರಲಿಲ್ಲ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನೀನು ಬೇಡ ಅಂತಿದ್ದೆ."

ಕೇಳದೆ ಮಾಡುವ ಉಪಕಾರವನ್ನು ನಾನು ಹುಟ್ಟಿದಂದಿನಿಂದ ಉಂಡಿದ್ದೇನೆ. ಆದರೂ ಆ ಹೊತ್ತಿನಲ್ಲಿ ನನ್ನ ಮನಸ್ಸು ಮೆತ್ತಗಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ನನಗಾಗಿ ಗುಡಿಗೆ ಹೋಗಿದ್ದಾನೆ, ಕೈ ಮುಗಿದಿದ್ದಾನೆ, ನನಗೆ ಏನಾದೀತೋ ಎಂದು ಹೆದರಿದ್ದಾನೆ. "ನೀನು ಬಿದ್ರೆ ನಂಗೆ ತಡ್ಕೊಳಕ್ಕಾಗಲ್ಲ" ಎಂದು ಅವನು ಒಂದು ಮಾತು ಅಂದಿದ್ದರೆ, ಆ ವಿಗ್ರಹವನ್ನು ನಾನೇ ಹ್ಯಾಂಡಲ್ಲಿನ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಆ ಮಾತಿಗಾಗಿ ಕಾದೆ.

"ನಾಳೆ ನಿಂಗೇನಾದ್ರೂ ಆದ್ರೆ ಜನ ನನ್ನೇ ಅಲ್ವಾ ಆಡ್ಕೊಳೋದು? ಅಣ್ಣ ಅನ್ನೋನು ಇದ್ದೂ ಹಿಂಗಾಯ್ತಲ್ಲ ಅಂತ" ಎಂದ.

ನಾನು ಸೀಟಿನ ಮೇಲಿನ ಆಂಜನೇಯನನ್ನು ಎತ್ತಿ ಅವನ ಇಸ್ತ್ರಿ ಅಂಗಿಯ ಜೇಬಿಗೆ ಹಾಕಿದೆ. ಭಾರಕ್ಕೆ ಜೇಬು ಜೋತುಬಿತ್ತು.

"ಹಂಗಿದ್ರೆ ನೀನೇ ಇಟ್ಕೊ. ಕಾಪಾಡ್ಬೇಕಿರೋದು ನಿನ್ನ ಹೆಸ್ರನ್ನ" ಎಂದೆ.

ಗಾಡಿ ಹತ್ತಿ ಗೇಟು ದಾಟಿದೆ. ಎಲ್ಲಿಗೆ ಎಂದು ಅವನು ಕೂಗಿ ಕೇಳಿದ. ನನಗೂ ಗೊತ್ತಿರಲಿಲ್ಲ, ಭಾನುವಾರ ನನ್ನ ಅಂಗಡಿಗೆ ರಜೆ.