ಡಚ್ ಪಟದ ಮೇಲೆ ಹುಣಸೆಬೀಜ

ಹೋದ ಭಾನುವಾರ ನಮ್ಮತ್ತೆ ನನ್ನ ಹಳೇ ಡಚ್ ಚಿತ್ರದ ಮೇಲೆ ಒಂದು ಹುಣಸೆಬೀಜ ಇಟ್ಟರು. ನನ್ನ ಎದೆಯ ಮೇಲೆ ರುಬ್ಬುಗುಂಡು ಇಟ್ಟಿದ್ದರೂ ಸಹಿಸಿಕೊಳ್ಳುತ್ತಿದ್ದೆ.

ನನಗೊಂದು ಹುಚ್ಚಿದೆ, ನಿಮಗೆ ಗೊತ್ತೇ ಇದೆ. (ಗೊತ್ತಿಲ್ಲದಿದ್ದರೆ ನೀವು ನಮ್ಮ ಮನೆಗೆ ಕಾಫಿಗೆ ಬಂದಿಲ್ಲ.) ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಬಿಳಿ ದೊರೆಗಳು ಗಂಟುಮೂಟೆ ಕಟ್ಟಿದಾಗ ಬಂಗಲೆ ಸಾಮಾನು ಹರಾಜಾಯಿತಲ್ಲ, ಬುದ್ಧಿವಂತರು ಮೇಜು, ಮಂಚ ಹೊತ್ತುಕೊಂಡು ಹೋದರು. ನಾನು ಒಂದು ಕಟ್ಟು ಕಾಗದ ತಂದೆ. ಹಾಲೆಂಡಿನಲ್ಲಿ ಎಂದೋ ಮರದ ಅಚ್ಚಿನಲ್ಲಿ ಒತ್ತಿದ ಚಿತ್ರಗಳು. ಒರಟು ಕಾಗದ, ಗೆರೆ ದಾಟಿ ಹರಡಿದ ಕೆಂಪು, ಹಳದಿ. ಅಲ್ಲಿ ಇವನ್ನು ಕಾಸಿಗೊಂದರಂತೆ ಮಕ್ಕಳಿಗೆ ಮಾರುತ್ತಿದ್ದರಂತೆ. ಇಲ್ಲಿ ನಾನು ಟ್ರಂಕಿನಲ್ಲಿ, ಬೇವಿನೆಲೆಯ ನಡುವೆ ಇಟ್ಟು ಬೀಗ ಹಾಕಿದ್ದೇನೆ. ಮಕ್ಕಳು ಆ ಕಡೆ ಸುಳಿಯುವಂತಿಲ್ಲ. ಇದಕ್ಕೆ ಸಂಗ್ರಹ ಅನ್ನುತ್ತಾರೆ.

ಅವುಗಳಲ್ಲಿ ರಾಜನೆಂದರೆ ಹೆಬ್ಬಾತಿನ ಪಟ. ಹಾವು ಏಣಿಯ ನಮ್ಮ ಪರಮಪದದ ಪಟಕ್ಕೆ ದೂರದ ದಾಯಾದಿ. ಸುತ್ತಿ ಸುತ್ತಿ ಒಳಗೆ ಹೋಗುವ ಮನೆಗಳು. ದಾಳ ಹಾಕಿ ನಡೆಯಬೇಕು. ಹೆಬ್ಬಾತು ಸಿಕ್ಕರೆ ಮುಂದಕ್ಕೆ. ಛತ್ರ ಸಿಕ್ಕರೆ ಒಂದು ಸರದಿ ಬಿಡಬೇಕು. ಬಾವಿಗೆ ಬಿದ್ದರೆ ಇನ್ನೊಬ್ಬ ಬಂದು ಬೀಳುವವರೆಗೆ ಅಲ್ಲೇ ಕೊಳೆಯಬೇಕು. ಹರಾಜಿನ ದಿನ ಬಂಗಲೆಯ ದೊರೆಸಾನಿ ಹೇಳಿಕೊಟ್ಟದ್ದು. ಅದನ್ನು ಬಂದವರಿಗೆಲ್ಲ ವಿವರಿಸುವುದು ನನ್ನ ಧರ್ಮ.

ಕಾಫಿ ಕುಡಿದ ಋಣಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. ಆಡಿಸದವರು ಒಬ್ಬರೇ, ಉರಿಗಾಂನ ವರದರಾಜನ್. ಗಣಿ ಆಫೀಸಿನ ಗುಮಾಸ್ತರು, ಸ್ಟಾಂಪು ಕೂಡಿಡುವವರು. "ಕಾಸಿನ ಬೊಮ್ಮೆಗೆ ಟ್ರಂಕ್ ಯಾಕೆ ಸಾರ್?" ಅಂತ ಪಟ ನೋಡದೆಯೇ ನಕ್ಕಿದ್ದರು. ಆ ನಗು ನನ್ನ ನಿದ್ದೆ ಕೆಡಿಸಿತ್ತು. ನನಗೆ ಬೇಕಾಗಿದ್ದು ಇಷ್ಟೇ: ಒಮ್ಮೆ ಅವರ ಹೊಟ್ಟೆ ಉರಿಯಬೇಕು.

ಅಂತೂ ಭಾನುವಾರ ಬಂಗಾರಪೇಟೆಯ ನಮ್ಮ ಮನೆಗೆ ಬರಲು ಒಪ್ಪಿದರು. ಪಟವನ್ನು ಚಾಪೆಯ ಮೇಲೆ ಹರಡಿಡುವಂತೆ ಹೆಂಡತಿಗೆ ಹೇಳಿ ಸ್ಟೇಷನ್ನಿಗೆ ಹೋದೆ. ರೈಲು ಲೇಟು. ಅತಿಥಿಯನ್ನು ಕರೆದುಕೊಂಡು ಬಂದರೆ ನೋಡುವುದೇನು? ಹೆಂಡತಿಯೂ ಕಾಮಸಮುದ್ರದಿಂದ ಬಂದಿದ್ದ ಅತ್ತೆಯೂ ಪಟದ ಆಚೀಚೆ ಕೂತು, ಹುಣಸೆಬೀಜವನ್ನೇ ಕಾಯಿ ಮಾಡಿಕೊಂಡು ಕವಡೆ ಹಾಕುತ್ತಿದ್ದಾರೆ.

"ಅದು ಆಂಟಿಕ್ ಕಣೇ," ಅಂದೆ.

"ಆಡಾಕಲ್ದೆ ಇನ್ಯಾತಕ್ಕೆ ಮಾಡವ್ರೆ ಅಳಿಯಂದ್ರೇ?" ಅಂದರು ಅತ್ತೆ. "ಕೂತ್ಕಳಿ. ಅವರ್ಗೂ ಒಂದು ಬೀಜ ಮಡುಗ್ತೀನಿ."

ವರದರಾಜನ್ ಪಟ ಪರೀಕ್ಷಿಸಲು ತಂದಿದ್ದ ಭೂತಗನ್ನಡಿಯನ್ನು ಜೇಬಿಗೆ ಸೇರಿಸಿ ಕೂತೇಬಿಟ್ಟರು. ನಾನೂ ಕೂತೆ. (ಕಾವಲಿಗೆ.) ಸ್ವಲ್ಪ ಹೊತ್ತಿಗೆ ನನ್ನ ಬೀಜ ಬಾವಿಗೆ ಬಿತ್ತು. ಅತ್ತೆ ದಾಟಿದರು, ಹೆಂಡತಿ ದಾಟಿದಳು, ವರದರಾಜನ್ ದಾಟಿದರು. ಒಬ್ಬರಾದರೂ ಬೀಳಬಾರದೇ?

"ಇದೊಂದ್ಸಲ ಬಿಟ್ಟುಬಿಡೇ," ಅಂತ ಹೆಂಡತಿಯನ್ನು ಕೇಳಿದೆ.

"ಅದೆಂಗಾಯ್ತದೆ? ರೂಲ್ಸು ನಿಮ್ದೇ. ಬಂದೋರ್ಗೆಲ್ಲ ಹೇಳಿ ಹೇಳಿ ನಂಗೆ ಬಾಯಿಪಾಠ ಆಗೋಗದೆ."

ಅತ್ತೆ ಗೆದ್ದರು. ನಾನು ಬಾವಿಯಲ್ಲೇ ಇದ್ದೆ. ನಿಜ ಹೇಳಲೇ? ಇಷ್ಟು ವರ್ಷದಲ್ಲಿ ಆ ಪಟದ ಮುಂದೆ ಯಾರಾದರೂ ಖುಷಿಯಿಂದ ನಕ್ಕಿದ್ದು ಅವತ್ತೇ. ಸಂಗ್ರಹಕಾರನಿಗೆ ಇದಕ್ಕಿಂತ ಅವಮಾನ ಉಂಟೇ?

ಸಂಜೆ ರೈಲು ಹತ್ತುವ ಮುಂಚೆ ವರದರಾಜನ್ ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದರು, "ಸಾರ್, ಅಂಥದ್ದು ಇನ್ನೊಂದು ಎಲ್ಲಿ ಸಿಗುತ್ತೆ?"

"ಮನೇಲಿ ಆಡೋದಕ್ಕಾ?"

"ಆಡೋದಾ? ಚೆ ಚೆ. ಟ್ರಂಕಲ್ಲಿ ಇಡೋಕೆ ಸಾರ್."

ಆಗ ನಾನು ಬಾವಿಯಿಂದ ಮೇಲೆ ಬಂದೆ.