ಕೆರೆ ಏರಿಯಲ್ಲಿ ಜಾರಿದ ಚಪ್ಪಡಿಗಳು

ಮಧ್ಯಾಹ್ನ ಮೂರೂ ಹತ್ತಕ್ಕೆ, ಹೆಬ್ಬೂರಿನಾಚೆಯ ಕೆರೆ ಏರಿಯ ತಿರುವಿನಲ್ಲಿ, ನಮ್ಮ ಲಾರಿಯ ಚಪ್ಪಡಿಗಳೆಲ್ಲ ಜಾರಿದವು.

ಎಪ್ಪತ್ತರ ದಶಕದ ಕೊನೆ. ಕುಣಿಗಲ್ಲಿನಲ್ಲಿ ಅಕ್ಕ ಮನೆ ಕಟ್ಟಿಸುತ್ತಿದ್ದಳು. ಭೂವಿಜ್ಞಾನ ಓದಿದವನೆಂದು ಮಾಳಿಗೆಗೆ ಚಪ್ಪಡಿ ತರುವ ಕೆಲಸ ನನಗೆ ಬಿತ್ತು. ಬೆಳಿಗ್ಗೆ ತುಮಕೂರಿನಲ್ಲಿ ಬಸ್ಸು ಹತ್ತಿ ಗುಬ್ಬಿಗೆ ಹೋದೆ. ಊರ ಹೊರಗೆ ಬಂಡೆಯ ಮೇಲೆ ಸೌದೆ ಉರಿಸುತ್ತಿದ್ದರು. ಕಾದು ಪದರ ಎದ್ದ ಮೇಲೆ ಉಳಿ ಹೊಡೆದು ಸೀಳುತ್ತಿದ್ದರು. ಬೂದು ಕಲ್ಲು, ನಡುವೆ ನಸುಗೆಂಪು ಪಟ್ಟೆ. ಸುತ್ತಲ ಊರುಗಳಲ್ಲಿ ಕಂಬ, ಹೊಸಿಲು, ತೋಟದ ಬೇಲಿ ಎಲ್ಲವೂ ಅದೇ. ನಾನು ಭೂತಗನ್ನಡಿ ಹಿಡಿದು ಕೂತದ್ದು ಕಂಡು ಕಲ್ಲೊಡೆಯುವ ನಿಂಗಯ್ಯ ನಕ್ಕ.

"ಏನ್ ಸ್ವಾಮಿ, ಕಲ್ಲಿನ್ ಜಾತ್ಕ ನೋಡ್ತಿದೀರಾ? ಹೆಣ್ ಗಿಣ್ ಕೊಡೋದಿದ್ರೆ ಹೇಳಿ."

"ಸುಮ್ಕಿರಣ್ಣೋ, ಓದ್ದೋರು" ಎಂದ ಅವನ ತಮ್ಮ ಕೆಂಪಯ್ಯ.

ಅಂಚು ಮುಕ್ಕಾಗದಂತೆ ಚಪ್ಪಡಿಗಳ ನಡುವೆ ಒಣಹುಲ್ಲು ಇಡುವುದು ಅವರ ರೂಢಿ. ಅಂದು ಹುಲ್ಲು ಸಿಗದೆ ಹಸಿ ತೆಂಗಿನ ಗರಿ ಹಾಸಿದರು. ನಾನು, ಅಣ್ಣತಮ್ಮಂದಿರು, ಇಳಿಸಲು ಬಂದ ಆಳುಗಳು ಎಲ್ಲರೂ ಕಲ್ಲಿನ ಮೇಲೇ ಕೂತು ಹೊರಟೆವು. ದಾರಿಯಲ್ಲಿ ಮಳೆ ಹನಿಯಿತು.

ತಿರುವಿನಲ್ಲಿ ಕಲ್ಲು ಜಾರಿದಾಗ ನಾನು ಏರಿ ಬದಿಯ ಹುಲ್ಲಿನ ಮೇಲೆ ಬಿದ್ದೆ. ನಿಂಗಯ್ಯನ ಸೊಂಟದ ಮೇಲೆ ಚಪ್ಪಡಿ ಕೂತಿತ್ತು. ಅದಕ್ಕೆ ಇನ್ನೊಂದು ಒರಗಿತ್ತು. ಒಟ್ಟಿಗೆ ಎತ್ತದಿದ್ದರೆ ಅದೂ ಅವನ ಮೇಲೇ. ಹಾರೆ ಕೊಟ್ಟೆವು, ಕೈಗಳು ಕೂಡಲಿಲ್ಲ. ಕಲ್ಲೆತ್ತುವಾಗ ಸೊಲ್ಲು ಹೇಳಿ ಎಲ್ಲರ ಕೈ ಕೂಡಿಸುತ್ತಿದ್ದವನು ನಿಂಗಯ್ಯನೇ.

"ಯಾವನಾದ್ರೂ ಸೊಲ್ಲೇಳ್ರೋ!" ಕೆಂಪಯ್ಯ ಅಳುತ್ತ ಕೂಗಿದ.

"ನಾನೇ ಏಳ್ತೀನಿ ಬುಡ್ಲಾ" ಎಂದ ಕಲ್ಲಡಿಯ ನಿಂಗಯ್ಯ. "ಅಳಬ್ಯಾಡ. ಹಾರೆ ಹಿಡ್ಕಳಿ. ಹೈಸಾ..."

ಅವನು ಹೇಳಿದ, ಕಲ್ಲು ಎದ್ದಿತು. ಅದೇ ಲಾರಿಯಲ್ಲಿ ಮಲಗಿಸಿಕೊಂಡು ಹೊರಟೆವು. ಕುಣಿಗಲ್ ಆಸ್ಪತ್ರೆ ಸೇರುವ ಮೊದಲೇ, ನನ್ನ ತೊಡೆಯ ಮೇಲೆ, ಅವನ ಉಸಿರು ನಿಂತಿತು.

ಆಮೇಲೆ ಪ್ರತಿ ರಾತ್ರಿ ಕಣ್ಣು ಮುಚ್ಚಿದರೆ ಅದೇ ದನಿ. ಹಾರೆ ಹಿಡಿದಂತೆ ಬೆರಳು ಬಿಗಿದು ಎದ್ದು ಕೂರುತ್ತಿದ್ದೆ. ಏರಿಯಲ್ಲೇ ಬಿದ್ದಿದ್ದ ಆ ಕಲ್ಲು ಬೇಡವೆಂದಳು ಅಕ್ಕ. ತಿಥಿ ಮುಗಿಸಿ ಕೆಂಪಯ್ಯನೇ ಲಾರಿ ತಂದ.

"ನಮ್ಮಣ್ಣ ಒಡ್ದಿರೋ ಕಲ್ಲು. ದಾರೀಲ್ ಬುಟ್ಟೋಗಾಕಾಯ್ತದಾ?"

ಏರಿಯಲ್ಲಿ ಹಲಗೆ ಒರಗಿಸಿ, ಹಾರೆಯಿಂದ ಒಂದೊಂದೇ ದೂಡಿ ಲಾರಿಗೇರಿಸಿದೆವು. ಕುಣಿಗಲ್ಲಿನಲ್ಲಿ ಇಳಿಸುವಾಗ ಮೊದಲ ಚಪ್ಪಡಿಗೆ ಕೈ ಕೊಟ್ಟು ಎಲ್ಲರೂ ಕಾದರು. ಕೆಂಪಯ್ಯ ಅಂಚಿಗೆ ಬೆರಳು ಕೊಟ್ಟು ಬಗ್ಗಿದ. ಬಾಯಿ ತೆರೆದ. "ಹೈಸಾ." ಕೀರಲು ದನಿ, ಅಣ್ಣನದರಂತಿರಲಿಲ್ಲ. ಆದರೂ ಕೈಗಳು ಕೂಡಿದವು, ಕಲ್ಲು ನೆಲಕ್ಕೆ ಇಳಿಯಿತು.

ಆ ರಾತ್ರಿ ಅಕ್ಕನ ಬಾಡಿಗೆ ಮನೆಯ ಜಗುಲಿಯಲ್ಲಿ ಮಲಗಿದವನು, ಮುಖಕ್ಕೆ ಬಿಸಿಲು ಬಿದ್ದಾಗಲೇ ಎದ್ದೆ.