ಕಬ್ಬಿನ ಗಾಡಿಗಾಗಿ ಹೊಡೆದ ಗಂಟೆ

ನಮ್ಮೂರ ಮಹಾದೇವರ ಗುಡಿಗೆ ಮೊನ್ನೆ ಕರೆಂಟಿನ ಗಂಟೆ ಬಂತು. ಗುಂಡಿ ಒತ್ತಿದರೆ ಸಾಕು, ನಗಾರಿ, ಜಾಗಟೆ, ಗಂಟೆ ಎಲ್ಲ ತಾವೇ ಬಡಿದುಕೊಳ್ಳುತ್ತವೆ. ಊರವರು ಕೈಮುಗಿದು ನಿಂತರು. ನಾನು ಮಾತ್ರ ಬೆವರಿದೆ. ಕಾರಣ ಹೇಳುತ್ತೇನೆ, ಕೇಳಿ. ನೀವು ನಗಬಹುದು, ನಾನೂ ಬಹಳ ವರ್ಷ ನಕ್ಕಿದ್ದೇನೆ.

ಎಂಬತ್ತರ ದಶಕದಲ್ಲಿ ನಮ್ಮ ಶಾಲೆ ಆ ಗುಡಿಯ ಗೋಡೆಗೆ ಅಂಟಿಕೊಂಡೇ ಇತ್ತು. ಗುಡಿ ಯಾವ ಅರಸರ ಕಾಲದ್ದೋ, ಅಲ್ಲಿನ ಶಾಸನದ ಕಲ್ಲು ಓದಬಲ್ಲವರಿಗೆ ಗೊತ್ತು. ನಾನು ಅದರ ಮೇಲೆ ಪಾಟಿಯ ಕಡ್ಡಿ ಮಸೆದದ್ದಷ್ಟೇ. ಶಾಲೆಗೆ ಸ್ವಂತ ಗಂಟೆ ಇರಲಿಲ್ಲ, ಗುಡಿಯದನ್ನೇ ಬಳಸುತ್ತಿದ್ದರು. ಒಂದೇ ಏಟು ಬಿದ್ದರೆ ಯಾರೋ ಭಕ್ತರು; ಎಡೆಬಿಡದೆ ಬಡಿದರೆ ಶಾಲೆಯದು. ಬಡಿಯುವ ಕೆಲಸ ನನ್ನದು. ಐದನೆಯ ಇಯತ್ತೆಯಲ್ಲಿ ನಪಾಸಾಗಿ, ಗಂಟೆ ಎಟುಕುವಷ್ಟು ಬೆಳೆದವನು ನಾನೊಬ್ಬನೇ. ಅಷ್ಟರಲ್ಲಿ ತಂಗಿ ಶಾಂತಾ ಹಿಂದಿನಿಂದ ಬಂದು ಅದೇ ವರ್ಗದಲ್ಲಿ ನನ್ನನ್ನು ಹಿಡಿದಿದ್ದಳು.

ಆ ವರ್ಷ ವಸತಿ ಶಾಲೆಗೆ ಮಕ್ಕಳನ್ನು ಆರಿಸುವ ಪರೀಕ್ಷೆ ಬಂತು. ನಮ್ಮೂರಿಂದ ಕೂತವಳು ಶಾಂತಾ ಒಬ್ಬಳೇ. ನನ್ನನ್ನು ಗಂಟೆಯ ಹತ್ತಿರ ನಿಲ್ಲಿಸಿದರು. ಹೆಡ್‌ಮಾಸ್ತರರು ಗಡಿಯಾರ ನೋಡಿ ಟವೆಲ್ ಬೀಸಿದಾಗ, ಪರೀಕ್ಷೆ ಮುಗಿಯಿತೆಂದು ಹೊಡೆಯಬೇಕು; ಹೊಡೆಯುವವರೆಗೆ ಜಾಗ ಬಿಡುವಂತಿಲ್ಲ. ಅವರು ಕುರ್ಚಿಯಲ್ಲೇ ನಿದ್ದೆಹೋದರು. ಆಗ ಅಲಖನೂರಿನ ಕಡೆಯಿಂದ ಫ್ಯಾಕ್ಟರಿಗೆ ಹೊರಟ ಕಬ್ಬಿನ ಗಾಡಿಗಳ ಸಾಲು ಬಂತು. ಹಿಂದಿನಿಂದ ಜಲ್ಲೆ ಎಳೆಯದಿದ್ದರೆ ಹುಡುಗನಾಗಿ ಹುಟ್ಟಿ ಏನು ಬಂತು? ನನ್ನ ಅನುಭವದಲ್ಲಿ ಪರೀಕ್ಷೆಯೆಂದರೆ ಹೆಸರು ಬರೆದು ಸುಮ್ಮನೆ ಕೂರುವುದು. ಜಾಣೆ ತಂಗಿಗೆ ಇಷ್ಟು ಹೊತ್ತು ಸಾಲದೇ ಎಂದುಕೊಂಡು ಬಡಿದೆ. ಹೆಡ್‌ಮಾಸ್ತರರು ದಡಕ್ಕನೆ ಎದ್ದು, ತಾವೇ ಬೀಸಿದವರಂತೆ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು. ಒಳಗೆ ಪರೀಕ್ಷೆ ನಡೆಸುತ್ತಿದ್ದ ಹೊಸ ಮಾಸ್ತರರಿಗೆ ಕೈಗಡಿಯಾರ ಇರಲಿಲ್ಲ. ಅವರು ಪೇಪರು ಇಸಿದುಕೊಂಡರು.

ಹೊರಗೆ ಬಂದ ಶಾಂತಾಳಿಗೆ ಅರ್ಧ ಜಲ್ಲೆ ಕೊಟ್ಟೆ.

"ಲೆಕ್ಕ ಎಲ್ಲಾ ಉಳದ್ವು ಅಣ್ಣಾ. ಹೊತ್ತ ಹೋಗಿದ್ದ ಗೊತ್ತಾಗ್ಲಿಲ್ಲ. ನನ್ನ ತಲೀನ ಸಾವಕಾಶ ಓಡತೈತಿ."

"ಹೋಗ್ಲಿ ಬಿಡ. ಕಬ್ಬ ಸವಿ ಐತಿ, ತಿನ್ನ," ಎಂದೆ. ಅಳುತ್ತಲೇ ಜಗಿದಳು.

ಅವಳು ಪಾಸಾಗಲಿಲ್ಲ. "ದಡ್ಡಿಗೆ ಯಾಕ ಸಾಲಿ?" ಎಂದು ಅಪ್ಪ ಬಿಡಿಸಿದ. ಏಳನೆಯದಕ್ಕೆ ನಾನೂ ಬಿಟ್ಟೆ, ಅದರಿಂದ ಶಾಲೆಗೆ ಲಾಭವೇ ಆಯಿತು. ಮುಂದೆ ಚಹಾದಂಗಡಿಯಲ್ಲಿ ಹೆಡ್‌ಮಾಸ್ತರರ ಟವೆಲ್ಲಿನ ಕತೆ ಹೇಳಿ ಎಷ್ಟೋ ಸಲ ನಗಿಸಿದೆ. ಒಳಗೆ ಯಾರು ಕೂತಿದ್ದರು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಮೊನ್ನೆ ಆ ಕರೆಂಟಿನ ಗಂಟೆ ನೋಡಲೆಂದು ಶಾಂತಾ ಗಂಡನ ಊರು ಅಕ್ಕೋಳದಿಂದ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಳು. ಗುಡಿಯಿಂದ ಮನೆಗೆ ಬಂದ ಮೇಲೆ ಹುಡುಗಿ ಲೆಕ್ಕ ಹೇಳಿಕೊಡು ಎಂದು ಅಜ್ಜಿಯ ಸೆರಗು ಹಿಡಿದಳು.

"ನಂಗೆಲ್ಲಿ ಬರತೈತವ್ವಾ? ನಿಮ್ಮಜ್ಜಿ ಮೊದಲಿಂದ್ಲೂ ದಡ್ಡಿ."

ಅಷ್ಟು ಹಗುರವಾಗಿ ಹೇಳಿದಳು. ನನಗೆ ಕೂರಲಾಗಲಿಲ್ಲ. ಟವೆಲ್ಲಿನಿಂದಲೇ ಶುರುಮಾಡಿ, ನಗುವಲ್ಲಿ ನಕ್ಕು, ಪೂರ್ತಿ ಹೇಳಿಬಿಟ್ಟೆ.

ಶಾಂತಾ ಬಯ್ಯಲಿಲ್ಲ. "ಎಷ್ಟ ಮೊದಲ ಹೊಡದಿ?" ಎಂದಳು.

"ಅರ್ಧಾ ತಾಸರೆ ಇರಬೇಕು."

"ಹಂಗಾದ್ರ ನಾ ದಡ್ಡಿ ಇದ್ದಿಲ್ಲ," ಎಂದಳು, ನನಗಲ್ಲ, ತನಗೇ. ಆಮೇಲೆ ಮೊಮ್ಮಗಳನ್ನು ಎದುರಿಗೆ ಕೂರಿಸಿದಳು.

"ಇಕಿ ಮುಂದ ಇನ್ನೊಮ್ಮೆ ಹೇಳ ಅಣ್ಣಾ. ನಗಸಬ್ಯಾಡ. ಬರೇ ಹೇಳ."

ಹೇಳಿದೆ. ನಗಿಸದೆ ಮಾತಾಡುವುದು ನನಗೆ ರೂಢಿಯಿಲ್ಲ, ಎರಡು ಕಡೆ ತಡವರಿಸಿದೆ. ಮುಗಿಯುವಷ್ಟರಲ್ಲಿ ಶಾಂತಾ ಹುಡುಗಿಯ ಕೈಯಿಂದ ಲೆಕ್ಕದ ಪುಸ್ತಕ ತೆಗೆದುಕೊಂಡಿದ್ದಳು.

"ಯಾವುದ ಬರವಲ್ದು? ತೋರಸ."